ಕಾಳಿ ಕಣಿವೆಯಲ್ಲಿ ಒಬ್ಬಳೇ ನಾಲ್ಕು ದಿನ

ನ್ಯೂಜಿಲೆಂಡಿನಲ್ಲಿರುವ ಅಕ್ಕನ ಮನೆಗೆ ಹೋಗಿಬಂದ ಗೆಳತಿಯೊಬ್ಬಳು ಕ್ಲಾಸಿನಲ್ಲಿ ಫೋಟೊ ತೋರಿಸಿದಳು. ಕ್ವೀನ್ಸ್‌ಟೌನ್ ಹತ್ತಿರದ ಕವರಾವ್ ಸೇತುವೆಯ ಮೇಲಿಂದ, ಕಾಲಿಗೆ ಹಗ್ಗ ಕಟ್ಟಿಕೊಂಡು, ತಲೆಕೆಳಗಾಗಿ ನದಿಯತ್ತ ಜಿಗಿದ ಫೋಟೊ. 1988ರಿಂದಲೂ ಅಲ್ಲಿ ಜನ ದುಡ್ಡು ಕೊಟ್ಟು ಹೀಗೆ ಜಿಗಿಯುತ್ತಿದ್ದಾರಂತೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಈ ಮಾತು ತೆಗೆದೆ. ಅಪ್ಪ ರೊಟ್ಟಿ ಮುರಿಯುತ್ತಲೇ ಹೇಳಿದರು: ‘ನ್ಯೂಜಿಲೆಂಡ್ ಆಮ್ಯಾಲೆ ನೋಡೂಣು. ಇಲ್ಲೇ ಮಗ್ಗಲದಾಗ ಕಾಳಿ ಹರೀತಾಳ. ಅಕೀನ್ನ ನೋಡೀಯೇನು?’

ನೋಡಿರಲಿಲ್ಲ. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದ ನನಗೆ ದಾಂಡೇಲಿ ಎಂದರೆ ನೋಟ್‌ಬುಕ್ಕಿನ ಕಾಗದ ಬರುವ ಊರು, ಅಷ್ಟೇ. ‘ಹಂಗಾದ್ರ ಸೆಮಿಸ್ಟರ್ ರಜೆದಾಗ ನಾನು ಒಬ್ಬಾಕೀನ ಹೋಗಿ ಬರ್ತೀನಿ’ ಎಂದೆ. ಮಾತು ತಮ್ಮ ಮೇಲೆಯೇ ತಿರುಗಿ ಬಿತ್ತೆಂದು ಅಪ್ಪನಿಗೆ ಆಗ ತಿಳಿಯಿತು. ‘ಒಬ್ಬಾಕೀನ? ಮಂದಿ ಏನಂತಾರ?’ ಎಂದು ಅವ್ವ ಪರಾತ ಕೆಳಗಿಟ್ಟಳು.

ಎಂಟು ದಿನದ ಚರ್ಚೆಯ ನಂತರ ಮೂರು ಷರತ್ತುಗಳ ಮೇಲೆ ಒಪ್ಪಿಗೆ ಸಿಕ್ಕಿತು. ದಿನಾ ಸಂಜೆ ಆರಕ್ಕೆ ಫೋನು. ಕತ್ತಲಾದ ಮೇಲೆ ಪ್ರಯಾಣ ಇಲ್ಲ. ಗೊತ್ತಿದ್ದವರು ಜೊತೆಗಿಲ್ಲದೆ ಕಾಳಿ ನೀರಿಗೆ ಕಾಲಿಡಬಾರದು. ಮೂರನೆಯದು ಸುಮ್ಮನೆ ಹಾಕಿದ ಷರತ್ತಲ್ಲ. 2024ರ ಏಪ್ರಿಲ್ 21ರಂದು ದಾಂಡೇಲಿ ಸಮೀಪ ಆಕೋಡಾದಲ್ಲಿ ಹುಬ್ಬಳ್ಳಿಯ ಒಂದೇ ಕುಟುಂಬದ ಆರು ಜನ ಕಾಳಿಯಲ್ಲಿ ಮುಳುಗಿ ತೀರಿಹೋದರು. ನೀರಿನಲ್ಲಿ ಸಿಕ್ಕವರನ್ನು ಉಳಿಸಲು ಒಬ್ಬರ ಹಿಂದೊಬ್ಬರು ಹೋದವರು. ನಮ್ಮೂರಿನಲ್ಲಿ ಆ ಸುದ್ದಿಯನ್ನು ಯಾರೂ ಮರೆತಿಲ್ಲ.

ಫೆಬ್ರುವರಿಯ ಮೊದಲ ವಾರ ಬೆನ್ನಿಗೊಂದು ಚೀಲ ಏರಿಸಿ ಹೊರಟೆ.

ಪಾಸ್‌ಪೋರ್ಟ್ ಇಲ್ಲದ ವಿದೇಶ

ಮೊದಲ ದಿನ ಮುಂಡಗೋಡ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತ, ಹೀಗಾಗಿ ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟರು. ಅದನ್ನು ಹಿಡಿದುಕೊಂಡು ಎರಡು ತಾಸಿನೊಳಗೆ ಟಿಬೆಟ್ಟಿನಲ್ಲಿ ಇಳಿದಂತಾಯಿತು. 1966ರಲ್ಲಿ ಟಿಬೆಟನ್ ನಿರಾಶ್ರಿತರಿಗೆ ಇಲ್ಲಿ ಜಾಗ ಕೊಟ್ಟಾಗ ಇದು ಕಾಡು. ಮೂರು ವರ್ಷದ ನಂತರ ಬಂಗಾಳದ ಬಕ್ಸಾ ಶಿಬಿರದಲ್ಲಿದ್ದ ಭಿಕ್ಷುಗಳು ಬಂದು ಲಾಸಾದ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳನ್ನು ಮತ್ತೆ ಕಟ್ಟಿದರು. ಈಗ ಕಬ್ಬು, ಗೋವಿನಜೋಳದ ಹೊಲಗಳ ನಡುವೆ ಬಂಗಾರದ ಬಣ್ಣದ ಶಿಖರಗಳು ಏಳುತ್ತವೆ. ಚಳಿಗಾಲದಲ್ಲಿ ನಮ್ಮೂರ ಬಯಲಿನಲ್ಲಿ ಸ್ವೆಟರ್ ಮಾರುವವರ ಊರು ಇಂಥದ್ದು ಎಂದು ನೋಡಿದ್ದು ಇದೇ ಮೊದಲು.

ಸಂಜೆ ಮಠದ ಅಂಗಳದಲ್ಲಿ ಹುಡುಗ ಭಿಕ್ಷುಗಳ ತರ್ಕಪಾಠ. ಒಬ್ಬ ನೆಲದ ಮೇಲೆ ಕೂತಿರುತ್ತಾನೆ. ಇನ್ನೊಬ್ಬ ನಿಂತು ಪ್ರಶ್ನೆ ಎಸೆದು, ಕಾಲು ಅಪ್ಪಳಿಸಿ, ಫಟ್ಟನೆ ಚಪ್ಪಾಳೆ ಹೊಡೆಯುತ್ತಾನೆ. ಕೂತವನು ಉತ್ತರಿಸಲೇಬೇಕು. ನಮ್ಮ ವೈವಾ ಪರೀಕ್ಷೆಯಲ್ಲಿ ಹೀಗೆ ಚಪ್ಪಾಳೆ ಹೊಡೆದರೆ ಅರ್ಧ ಕ್ಲಾಸು ಓಡಿಹೋದೀತು. ವಿದೇಶಿಯರು ಇಲ್ಲಿ ಬಂದು ಉಳಿಯಲು ದೆಹಲಿಯ ಅನುಮತಿ ಪತ್ರ ಬೇಕು, ನಮಗೆ ಬೇಡ. ಆದರೂ ಎಷ್ಟು ಜನ ತಂದೆತಾಯಿಗಳು ಮಕ್ಕಳನ್ನು ಇಲ್ಲಿಗೆ ಕರೆತಂದಿದ್ದಾರೆ?

ಆ ರಾತ್ರಿ ಅವ್ವನ ದೂರದ ನಂಟರ ಮನೆಯಲ್ಲಿ ಮಲಗಿದೆ. ‘ಒಬ್ಬಳೇ’ ಎನ್ನುವ ನನ್ನ ಜಂಬಕ್ಕೆ ಇದು ಮೊದಲ ಪೆಟ್ಟು. ಬೆಳಿಗ್ಗೆ ಅತ್ತಿವೇರಿ ಕೆರೆಗೆ ಹೋಗಿ, ಚಮಚದಂಥ ಕೊಕ್ಕಿನ ಹಕ್ಕಿಗಳು ತಲೆ ಆಚೀಚೆ ಆಡಿಸುತ್ತ ನೀರು ಕಲಕುವುದನ್ನು ನೋಡಿಕೊಂಡು, ಯಲ್ಲಾಪುರದ ಮೇಲೆ ಹಳಿಯಾಳಕ್ಕೆ ಬಂದೆ. ಹಳಿಯಾಳವೆಂದರೆ ಕುಸ್ತಿ. ಮಣ್ಣಿನ ಕಣದ ವಾಸನೆ ಅಲ್ಲಿಯ ಮಾತಿನಲ್ಲೂ ಇದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಸಿದ್ದಿ ಅಕ್ಕನೊಬ್ಬಳ ಮಡಿಲಲ್ಲಿ ಅರ್ಧ ಹೊಲೆದ ಕೌದಿ ಇತ್ತು. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ತಂದವರು ಗೋವಾದಿಂದ ತಪ್ಪಿಸಿಕೊಂಡು ಈ ಕಾಡು ಸೇರಿದರೆಂದು ಪುಸ್ತಕದಲ್ಲಿ ಓದಿದ್ದೆ. ಅವಳು ಮಾತ್ರ ನನ್ನನ್ನೇ ವಿಚಿತ್ರವಾಗಿ ನೋಡಿ, ‘ಒಬ್ಬಾಕಿ ಯಾಕ ತಿರಗಾಕತ್ತೀ ತಂಗಿ, ಮನ್ಯಾಗ ಜಗಳ ಆಗೇತೇನು?’ ಎಂದು ಕೇಳಿದಳು.

ಒಬ್ಬರಿಗೆ ಕೋಣೆ ಇಲ್ಲ

ಈಚಿನವರೆಗೆ ಹಳಿಯಾಳ ತಾಲ್ಲೂಕಿನಲ್ಲೇ ಇದ್ದ ದಾಂಡೇಲಿ ಈಗ ಸ್ವಂತ ತಾಲ್ಲೂಕು. 1955ರಲ್ಲಿ ಕಾಗದದ ಕಾರ್ಖಾನೆ ಬಂದು ಬೆಳೆಸಿದ ಊರಿಗೆ ಇಂದು ಪ್ರವಾಸಿಗರೇ ದೊಡ್ಡ ವ್ಯಾಪಾರ. ಆದರೆ ಆ ವ್ಯಾಪಾರ ಗುಂಪಿನವರದು. ಮೊದಲು ಹೋದ ಲಾಜಿನಲ್ಲಿ ‘ಒಬ್ಬೊಬ್ಬರಿಗೆ ರೂಮ್ ಕೊಡೋದಿಲ್ಲ ಮೇಡಂ’ ಎಂದರು. ಯಾಕೆ ಎಂದರೆ ‘ರೂಲ್ಸು’. ಎರಡನೆಯ ಕಡೆಯೂ ಅದೇ ಪಾಠ. ಗಂಡುಹುಡುಗರಿಗೂ ಹೀಗೇ ಹೇಳುತ್ತಾರಂತೆ. ಒಬ್ಬರೇ ಹೋಗುವ ವಿದ್ಯಾರ್ಥಿಗಳು ಮನೆಯಿಂದಲೇ ಮಾತಾಡಿ ಕೋಣೆ ಗೊತ್ತು ಮಾಡಿಕೊಂಡು ಹೋಗಬೇಕು. ನಾನು ಮಾಡದೆ ಕೆಟ್ಟೆ. ಕೊನೆಗೆ ಹತ್ತು-ಹನ್ನೆರಡು ಕಿಲೋಮೀಟರ್ ದೂರದ ಕುಳಗಿಯಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರದ ಡೇರೆಯಲ್ಲಿ ಜಾಗ ಸಿಕ್ಕಿತು. ಸಂಜೆ ಆರಕ್ಕೆ ಸರಿಯಾಗಿ ಫೋನ್ ಮಾಡಿದೆ. ಕೋಣೆಯ ಕಥೆ ಹೇಳಲಿಲ್ಲ.

ಇದು ಕಾಳಿ ಹುಲಿ ರಕ್ಷಿತ ಪ್ರದೇಶ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಆದದ್ದು. 2015ರಲ್ಲಿ ನದಿಯ ಹೆಸರು ಬಂತು. ಕಪ್ಪು ಚಿರತೆಗೆ ಹೆಸರಾದ ಕಾಡಿದು. ಸಫಾರಿಯಲ್ಲಿ ನನಗೆ ಹುಲಿಯೂ ಕಾಣಲಿಲ್ಲ, ಚಿರತೆಯೂ ಕಾಣಲಿಲ್ಲ. ಕೆಂಚಳಿಲು ಕಂಡಿತು, ಬೆಕ್ಕಿಗಿಂತ ಉದ್ದ. ಆದರೆ ನಿಜವಾದ ಖುಷಿ ಸಿಕ್ಕಿದ್ದು ದುಡ್ಡಿಲ್ಲದೆ, ದಾಂಡೇಲಿಯ ಮರದ ಡಿಪೋದಲ್ಲಿ. ಕಡಿದ ದಿಮ್ಮಿಗಳ ರಾಶಿಯ ನಡುವೆ ನಿಂತ ಮರಗಳಿಗೆ ಮಂಗಟ್ಟೆ ಹಕ್ಕಿಗಳು ಬರುತ್ತವೆ. ರೆಕ್ಕೆಯ ಸದ್ದು ಹಕ್ಕಿಗಿಂತ ಮೊದಲೇ ಬರುತ್ತದೆ, ಹಳೆಯ ಉಗಿಬಂಡಿ ಬಂದಂತೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಹೊಕ್ಕು ಬಾಯಿಗೆ ಗೋಡೆ ಕಟ್ಟಿಕೊಂಡುಬಿಡುತ್ತದೆ. ಒಂದು ಸೀಳಷ್ಟೇ ಉಳಿಯುತ್ತದೆ. ಗಂಡು ವಾರಗಟ್ಟಲೆ ಆ ಸೀಳಿನಲ್ಲಿ ಹಣ್ಣು ತಂದು ಕೊಡುತ್ತಿರಬೇಕು. ಗಂಡಿಗೇನಾದರೂ ಆದರೆ ಒಳಗಿದ್ದವರ ಪಾಡು ಕಷ್ಟ.

ಗುಂಡಿ ಒತ್ತಿದರೆ ಬರುವ ಹೊಳೆ

ಮೂರನೆಯ ದಿನ ಗಣೇಶಗುಡಿ, ಜೋಯಿಡಾ ತಾಲ್ಲೂಕು. ನನ್ನ ಪ್ರವಾಸದ ಮುಖ್ಯ ಉದ್ದೇಶ ಇದೇ: ಕಾಳಿಯಲ್ಲಿ ರಾಫ್ಟಿಂಗ್, ಅಂದರೆ ಗಾಳಿ ತುಂಬಿದ ರಬ್ಬರ್ ತೆಪ್ಪದಲ್ಲಿ ಕೂತು ಹೊಳೆಯ ಇಳಿಜಾರಿನಲ್ಲಿ ಓಡುವುದು.

ಒಂದು ಸಂಶಯ ಮೊದಲಿನಿಂದ ಕಾಡುತ್ತಿತ್ತು. ಬೇಸಿಗೆಯಲ್ಲಿ ನಮ್ಮ ಕಡೆಯ ಹೊಳೆಗಳೆಲ್ಲ ಮರಳಾಗುತ್ತವೆ. ಕಾಳಿಯಲ್ಲಿ ಮಾತ್ರ ಏಪ್ರಿಲ್‌ನಲ್ಲೂ ರಾಫ್ಟು ಓಡುವುದು ಹೇಗೆ? ಉತ್ತರ ಗಣೇಶಗುಡಿಯಲ್ಲಿ ಕಣ್ಣೆದುರಿಗೇ ನಿಂತಿದೆ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಡಿಗ್ಗಿಯ ಬಳಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುವ ಕಾಳಿಯನ್ನು 1987ರಲ್ಲಿ ಮುಗಿದ ಈ ಗೋಡೆ ಮೇಲ್ಭಾಗದಲ್ಲೇ ತಡೆದಿದೆ. ಮಳೆಗಾಲದ ನೀರನ್ನು, ಸುಮಾರು 145 ಟಿ.ಎಂ.ಸಿ. ಅಡಿಯಷ್ಟು, ಹಿಡಿದಿಟ್ಟು ವರ್ಷವಿಡೀ ಬಿಡುತ್ತಾರೆ. ಆ ನೀರು ಮೊದಲು ಇಲ್ಲಿಯ 50 ಮೆಗಾವಾಟ್‌ನ ಎರಡು ಯಂತ್ರ ತಿರುಗಿಸುತ್ತದೆ, ಆಮೇಲೆ ಕೆಳಗಿನ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಮತ್ತೆ ಮತ್ತೆ ವಿದ್ಯುತ್ ಕೊಡುತ್ತದೆ. ಯಂತ್ರ ತಿರುಗಿದಾಗ ಹೊಳೆ ಉಬ್ಬುತ್ತದೆ, ನಿಂತಾಗ ಇಳಿಯುತ್ತದೆ. ರಾಫ್ಟಿನವರು ಪಂಚಾಂಗ ನೋಡುವುದಿಲ್ಲ, ಅಣೆಕಟ್ಟಿನ ನೀರು ನೋಡುತ್ತಾರೆ.

ಅಂದರೆ ನಾವು ‘ನಿಸರ್ಗ’ ಎಂದು ಫೋಟೊ ತೆಗೆಯುವ ಈ ಬಿಳಿ ನೊರೆ ಅರ್ಧ ಕಾಡಿನದು, ಇನ್ನರ್ಧ ವಿದ್ಯುತ್ ನಿಗಮದ್ದು. ಅದಕ್ಕೆ ಬೆಲೆಯನ್ನು ಬೇರೆಯವರು ಕೊಟ್ಟಿದ್ದಾರೆ. ಕಾಳಿ ಮತ್ತು ಪಾಂಢರಿ ಕೂಡುವ ಕಡೆ ಸೂಪಾ ಎಂಬ ಪೇಟೆ ಇತ್ತು. ತಾಲ್ಲೂಕಿಗೂ ಅದೇ ಹೆಸರು. ಊರು ನೀರಿನಡಿ ಹೋಯಿತು. ಜನ ರಾಮನಗರಕ್ಕೆ ಹೋದರು. ಕಚೇರಿಗಳು ಜೋಯಿಡಾಕ್ಕೆ ಹೋದವು. ತಾಲ್ಲೂಕಿನ ಹೆಸರೂ ಬದಲಾಯಿತು. ಗಣೇಶಗುಡಿಯಲ್ಲಿ ಹಕ್ಕಿಪ್ರಿಯರು ಉಳಿಯುವ ‘ಓಲ್ಡ್ ಮ್ಯಾಗಜಿನ್ ಹೌಸ್’ ಇದೆಯಲ್ಲ, ಅಲ್ಲಿ ಪತ್ರಿಕೆಗಳಿರುತ್ತವೆ ಎಂದುಕೊಂಡಿದ್ದೆ. ಅಣೆಕಟ್ಟು ಕಟ್ಟುವಾಗ ಬಂಡೆ ಸಿಡಿಸುವ ಮದ್ದು ಇಡುತ್ತಿದ್ದ ಉಗ್ರಾಣವಂತೆ ಅದು!

ಬೆಳಿಗ್ಗೆ ಒಂಬತ್ತಕ್ಕೇ ದಡದಲ್ಲಿದ್ದೆ. ‘ಒಬ್ಬರಿಗೇ ರಾಫ್ಟು ಬಿಡೂದಿಲ್ರೀ, ಆರು ಮಂದಿ ಆಗ್ಬೇಕು’ ಎಂದರು. ಕಾದೆ. ಹತ್ತೂವರೆಗೆ ದಾವಣಗೆರೆಯಿಂದ ಐದು ಜನರ ಒಂದು ಕುಟುಂಬ ಬಂತು. ಅಜ್ಜಿ ದಡದಲ್ಲಿ ಚೀಲ ಕಾಯಲು ಕೂತರು. ಉಳಿದ ನಾಲ್ವರ ಜೊತೆ ನಾನು ಸೇರಿ ಐದಾಯಿತು. ಕೊನೆಗೆ ಬೆಳಗಾವಿಯ ಹುಡುಗನೊಬ್ಬ ಬೈಕಿನಲ್ಲಿ ಬಂದ. ಅವನೂ ಒಬ್ಬನೇ. ಅವನನ್ನೂ ಲಾಜಿನವರು ಎರಡು ಕಡೆ ಓಡಿಸಿದ್ದರು.

ನೇಪಾಳದ ಗೈಡು ಹಿಂದಿಯಲ್ಲಿ ಹೇಳಿಕೊಟ್ಟ ಪಾಠ ಹದಿನೈದು ನಿಮಿಷದ್ದು. ತಂದೆತಾಯಿಗಳು ಇದನ್ನು ಓದಲೇಬೇಕು. ಜೀವರಕ್ಷಕ ಜಾಕೀಟು ಸಡಿಲವಿದ್ದರೆ ಇಲ್ಲದಂತೆಯೇ. ಅವನು ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿ ನೋಡಿದ. ಜಾಕೀಟು ಕಿವಿಗೆ ಬಂದರೆ ಮತ್ತೆ ಬಿಗಿಯಬೇಕು. ಹೆಲ್ಮೆಟ್ಟು ಕಡ್ಡಾಯ, ಇಲ್ಲಿ ಭಯ ನೀರಿಗಿಂತ ಬಂಡೆಯದು. ಬಿದ್ದರೆ ಎದ್ದು ನಿಲ್ಲಲು ಹೋಗಬಾರದು. ಕಾಲು ಬಂಡೆಯ ಸಂದಿಯಲ್ಲಿ ಸಿಕ್ಕರೆ ಹರಿವು ಮೈಯನ್ನು ಮುಳುಗಿಸುತ್ತದೆ. ಅಂಗಾತ ಮಲಗಿ, ಕಾಲನ್ನು ಹರಿವಿನ ಕಡೆ ಚಾಚಿ, ಹೆಬ್ಬೆರಳು ನೀರಿನ ಮೇಲೆ ಕಾಣುವಂತೆ ತೇಲಬೇಕು. ಈಜು ಬಾರದವರೂ ಹೋಗಬಹುದು. ಆದರೆ ಸಂಖ್ಯೆ ಮೀರಿ ಹತ್ತಿಸಿದರೆ ಇಳಿದುಬಿಡಬೇಕು. 2022ರ ಏಪ್ರಿಲ್‌ನಲ್ಲಿ ಇಲ್ಲಿಯೇ ಹೆಚ್ಚು ಜನರನ್ನು ತುಂಬಿಕೊಂಡ ರಾಫ್ಟೊಂದು ಹರಿವಿನಲ್ಲಿ ಸಿಕ್ಕಿಬಿದ್ದು, ಅಕ್ಕಪಕ್ಕದ ರಾಫ್ಟಿನವರು ಜನರನ್ನು ಪಾರು ಮಾಡಿದರು. ಆಮೇಲೆ ಕೆಲಕಾಲ ರಾಫ್ಟಿಂಗೇ ನಿಂತಿತ್ತು. ಸದ್ಯ ಪರವಾನಿಗೆ ಇದೆಯೇ, ಓಟ ಉದ್ದದ್ದೋ ಗಿಡ್ಡದ್ದೋ ಎಂದು ದುಡ್ಡು ಕೊಡುವ ಮುಂಚೆ ಕೇಳಿ. ಗಿಡ್ಡದ್ದೆಂದರೆ ಬಹುತೇಕ ತಣ್ಣನೆಯ ನೀರಿನಲ್ಲಿ ತೇಲುವುದು.

ಮೊದಲ ಇಳಿಜಾರು ಬಂದಾಗ ಸದ್ದು ಮೊದಲು ಕೇಳಿತು, ಹೊಳೆ ಮುಂದೆ ಕಾಣಲೇ ಇಲ್ಲ. ನೀರು ಅಲ್ಲಿಗೇ ಮುಗಿದಂತಿತ್ತು. ಗೈಡು ‘ಫಾರ್ವರ್ಡ್! ಫಾರ್ವರ್ಡ್!’ ಎಂದು ಕೂಗಿದ. ಹುಟ್ಟು ಹಾಕಬೇಕಾದ ನಾನು ಹುಟ್ಟನ್ನು ಎದೆಗೆ ಅವಚಿಕೊಂಡು ಕೂತಿದ್ದೆ. ರಾಫ್ಟಿನ ಮೂತಿ ಕೆಳಗೆ ಹೋಯಿತು, ತಣ್ಣನೆಯ ನೀರಿನ ಗೋಡೆಯೊಂದು ಮುಖಕ್ಕೆ ಬಡಿಯಿತು, ಮೂಗು ಬಾಯಿಗೆಲ್ಲ ಕಾಳಿ. ಕಣ್ಣು ಬಿಟ್ಟಾಗ ಎಲ್ಲರೂ ನಗುತ್ತಿದ್ದರು, ನಾನೂ. ಎರಡನೆಯದರಲ್ಲಿ ಹುಟ್ಟು ಹಾಕಿದೆ. ಮೂರನೆಯದರಲ್ಲಿ ದಾವಣಗೆರೆಯ ಯಜಮಾನರು ನೀರಿಗೆ ಬಿದ್ದರು. ಹೇಳಿಕೊಟ್ಟಂತೆಯೇ ಅಂಗಾತ ತೇಲುತ್ತ, ಕಾಲ್ಬೆರಳು ಮೇಲೆ ತೋರಿಸುತ್ತ, ಗಂಭೀರವಾಗಿ ಮುಂದೆ ಸಾಗಿದರು. ಜಾಕೀಟಿನ ಹೆಗಲು ಹಿಡಿದು ಒಳಗೆಳೆದುಕೊಂಡೆವು. ಅವರ ಹೆಂಡತಿ ಮಾತೇ ಆಡಲಿಲ್ಲ, ದಡ ಬರುವವರೆಗೆ ಅವರ ಕೈ ಬಿಡಲೂ ಇಲ್ಲ.

ಹಗ್ಗದ ಮೇಲೆ ಜಾರುವ ಜಿಪ್‌ಲೈನ್ ಕೂಡ ಮಾಡಿದೆ. ಕೂಗುವುದರೊಳಗೆ ಮುಗಿಯಿತು.

ಆರು ಗಂಟೆಯ ಫೋನು

ಆ ರಾತ್ರಿ ಜೋಯಿಡಾದಿಂದ ಒಳಗಿನ ಹಳ್ಳಿಯೊಂದರ ಹೋಮ್‌ಸ್ಟೇ. ಕುಣಬಿ ಮನೆಯ ಮಾವಶಿ ಕಾಡುಗೆಣಸು ಬೇಯಿಸಿ ಕೊಟ್ಟರು. ಜೋಯಿಡಾದ ಕುಣಬಿಗಳಿಗೆ ಗೊತ್ತಿರುವಷ್ಟು ಗೆಡ್ಡೆಗಳು ನಮ್ಮ ಸಸ್ಯಶಾಸ್ತ್ರದ ಮೇಷ್ಟರಿಗೂ ಗೊತ್ತಿರಲಾರದು. ತಿನ್ನುತ್ತ ಕೂತವಳಿಗೆ ಆರು ದಾಟಿದ್ದು ನೆನಪಾಗಿ ಫೋನ್ ತೆಗೆದರೆ ಸಿಗ್ನಲ್ ಇಲ್ಲ. ಕರೆಂಟು ಹೋಗಿ ಟವರೂ ಮಲಗಿತ್ತು. ಮಾವಶಿ ಬ್ಯಾಟರಿ ಹಿಡಿದು ದಿಬ್ಬದವರೆಗೆ ಕರೆದೊಯ್ದರು. ಅಲ್ಲೂ ಇಲ್ಲ. ‘ಇನ್ನ ಮುಂದ ಬ್ಯಾಡ ಬಾಯಿ, ಕರಡಿ ಇರ್ತಾವ’ ಎಂದರು. ಹಿಂದಿರುಗಿದೆವು. ಹೊಳೆಯಲ್ಲಿ ಆಗದ ಹೆದರಿಕೆ ಆ ರಾತ್ರಿ ಆಯಿತು. ನನಗೆ ಏನೂ ಆಗಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು.

ಬೆಳಿಗ್ಗೆ ಜೋಯಿಡಾಕ್ಕೆ ಬಂದಾಗ ಫೋನು ಒಂದೇ ಸಮನೆ ಬಡಿದುಕೊಂಡಿತು. ಅಪ್ಪ ಎತ್ತಿದರು. ಹಿಂದೆ ಬಸ್ಸಿನ ಹಾರನ್ನು. ‘ಆರಾಮ ಇದ್ದೀಯಲ್ಲಾ? ಏನಿಲ್ಲ, ಹಳಿಯಾಳದಾಗ ಸ್ವಲ್ಪ ಕೆಲಸ ಇತ್ತು, ಹಂಗ ದಾಂಡೇಲಿ ಮಟಾ ಬಂದೇನಿ.’ ಹಳಿಯಾಳದಲ್ಲಿ ಅಪ್ಪನಿಗೆ ಈ ಜನ್ಮದಲ್ಲಿ ಕೆಲಸ ಇದ್ದದ್ದು ನಾನು ಕೇಳಿಲ್ಲ. ‘ಉಳವಿಗೆ ಹೋಗಿ ಮಧ್ಯಾಹ್ನ ಬರ್ತೀನಪ್ಪಾ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೋಗಿ ಬಾ. ಬಸ್‌ಸ್ಟ್ಯಾಂಡಿನ್ಯಾಗ ಇರ್ತೀನಿ’ ಎಂದರು.

ಉಳವಿಯ ದಾರಿಯಲ್ಲಿ ಚಕ್ಕಡಿಗಳ ಸಾಲು. ಚನ್ನಬಸವಣ್ಣನ ಜಾತ್ರೆ ಹತ್ತಿರವಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಹೊರಟ ಶರಣರು ಈ ಕಾಡಿಗೆ ಬಂದ ನೆನಪಿಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಇಂದಿಗೂ ಎತ್ತು ಸಿಂಗರಿಸಿ, ಗಾಡಿಯಲ್ಲೇ ಅಡಿಗೆ ಸಾಮಾನು ಹೇರಿಕೊಂಡು ದಿನಗಟ್ಟಲೆ ದಾರಿ ಸವೆಸುತ್ತಾರೆ. ಹುಲಿ ಕಾಡಿನ ನಡುವೆ ಎತ್ತಿನ ಕೊರಳ ಗೆಜ್ಜೆ. ನನ್ನ ರಾಫ್ಟಿಂಗ್ ಅವರೆದುರು ಸಣ್ಣದೆನಿಸಿತು. ಒಬ್ಬ ಅಜ್ಜ ಚಕ್ಕಡಿ ನಿಲ್ಲಿಸಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟ. ‘ಯಾವೂರವ್ವಾ, ಯಾರ ಮಗಳು?’ ಎಂದನೇ ಹೊರತು ಯಾಕೆ ಒಬ್ಬಳು ಎಂದು ಕೇಳಲಿಲ್ಲ.

ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಪೇಪರು ಓದುತ್ತ ಕೂತಿದ್ದರು. ಹಿಂದಿನ ದಿನದ ಪೇಪರು. ಬೈಯಲಿಲ್ಲ. ಚಹಾ ಕುಡಿಸಿದರು. ಬಸ್ಸು ಹಳಿಯಾಳ ದಾಟುವವರೆಗೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಆಮೇಲೆ ಕಿಟಕಿಯ ಆಚೆ ನೋಡುತ್ತಲೇ ಕೇಳಿದರು:

‘ಆ ರಾಫ್ಟಿಗೆ ಎಷ್ಟ ಮಂದಿ ಬೇಕಂದೀ?’

‘ಆರು.’

‘ನಾವು ನಾಕ ಮಂದಿ ಅದೇವಿ’ ಎಂದು ಅಪ್ಪ ಬೆರಳು ಮಡಚಿದರು. ‘ನಿಮ್ಮ ಕಾಕಾನ್ನ ಕೇಳಿ ನೋಡೂಣು. ನಿಮ್ಮವ್ವಗ ಮಾತ್ರ ಈಗ ಹೇಳಬ್ಯಾಡ.’