ಭಾರವು ಅವಳದು, ನಿರ್ಣಯವು ಯಾರದು?

ನರಗುಂದದ ಬಾಬಾಸಾಹೇಬರ ಕಥೆಯು ನಮ್ಮ ವಾಚಕರಿಗೆ ಹೊಸತಲ್ಲ. ಮಕ್ಕಳಿಲ್ಲದ ಆ ಸಂಸ್ಥಾನಿಕರು ದತ್ತಕ ತೆಗೆದುಕೊಳ್ಳಲು ಕೇಳಿದ ಅನುಮತಿಯನ್ನು ಕಂಪನಿ ಸರಕಾರವು ನಿರಾಕರಿಸಿತು. 1858ರಲ್ಲಿ ಅವರು ಬಂಡಾಯವೆದ್ದುದಕ್ಕೆ ಇದೂ ಒಂದು ಮುಖ್ಯ ಕಾರಣ. ಅದೇ ವರುಷದ ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ನಮ್ಮ ಮನೆಯ ಸಂತಾನದ ವಿಷಯವನ್ನು ಪರರು ನಿರ್ಣಯಿಸುವುದನ್ನು ಈ ನೆಲವು ಸಹಿಸಲಿಲ್ಲವೆಂದು ನಾವು ಇಂದಿಗೂ ಅಭಿಮಾನಪಡುತ್ತೇವೆ. ಆದರೆ ಅದೇ ನರಗುಂದದಲ್ಲಿ, ನೆರೆಯ ರೋಣ ಗಜೇಂದ್ರಗಡಗಳಲ್ಲಿ, ಮಗುವನ್ನು ಹೊತ್ತು ಹೆರುವ ತಾಯಿಗೆ ಆ ನಿರ್ಣಯದಲ್ಲಿ ಪಾಲೆಷ್ಟು?

ಎರೆಹೊಲದಲ್ಲಿ ಹತ್ತಿ ಬಿಡಿಸುವವಳಾಗಲಿ, ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವವಳಾಗಲಿ ದುಡಿತದಲ್ಲಿ ಗಂಡಸಿಗೆ ಕಡಿಮೆಯವಳಲ್ಲ. ಆದರೂ ಮುಂದಿನ ಕೂಸು ಯಾವಾಗ ಎಂಬ ಮಾತು ಬಂದಾಗ ಅವಳನ್ನು ಕೇಳದ ಮನೆಗಳು ಅನೇಕ. “ಒಂದು ಗಂಡು ಆಗಲಿ, ಆಮೇಲೆ ನೋಡೋಣ” ಎಂಬುದು ಅತ್ತೆಯ ಮಾತು; “ಅವ್ವ ಹೇಳಿದಂತೆ ಆಗಲಿ” ಎಂಬುದು ಗಂಡನ ಮಾತು. ಅವಳ ಮಾತು ಮಾತ್ರ ಕೇಳಿಬರುವುದಿಲ್ಲ. ಎರಡು ಹೆರಿಗೆಗಳ ನಡುವೆ ಅಂತರವಿಡಲು ವಂಕಿ, ಮಾತ್ರೆ, ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು ಇವೆಲ್ಲ ಸರಕಾರಿ ಆಸ್ಪತ್ರೆಗಳಲ್ಲಿ ಉಂಟು. ಆದರೆ ಮನೆಯವರಿಗೆ ತಿಳಿದೀತೆಂದು ಅಂಜುತ್ತ ಗುಟ್ಟಾಗಿ ಪಡೆಯಬೇಕಾದ ರಕ್ಷಣೆಗೆ ಅಧಿಕಾರವೆಂಬ ಹೆಸರು ಸಲ್ಲದು.

ಹೆಂಗಸರೇ ಮುಂದಾಗಿ ಆಪರೇಶನ್ ಮಾಡಿಸಿಕೊಳ್ಳುತ್ತಿರುವಾಗ ನಿರ್ಣಯವೂ ಅವರದೇ ಅಲ್ಲವೇ ಎಂದು ಕೆಲವರು ಕೇಳಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿರಿ. ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಸಂತಾನಶಕ್ತಿಹರಣ ಶಸ್ತ್ರಕ್ರಿಯೆಗೆ ಒಳಗಾದವರು ನೂರಕ್ಕೆ ಸುಮಾರು 57. ಪುರುಷರ ಶಸ್ತ್ರಕ್ರಿಯೆಯ ಲೆಕ್ಕವು ನೂರಕ್ಕೆ ಒಂದನ್ನೂ ಮುಟ್ಟಲಿಲ್ಲ. ಪುರುಷರ ಶಸ್ತ್ರಕ್ರಿಯೆಯಲ್ಲಿ ಹೊಟ್ಟೆಯನ್ನು ಕೊಯ್ಯುವ ಪ್ರಸಂಗವೇ ಇಲ್ಲ; ಅದು ಹೆಚ್ಚು ಸುಲಭವಾದುದು, ಅಪಾಯವೂ ಕಡಿಮೆ. ಆದರೂ ಕತ್ತಿಗೆ ಮೈಯೊಡ್ಡುವ ಸರದಿ ಅವಳದೇ. ಭಾರವನ್ನು ಹೊರುವುದು ಬೇರೆ, ನಿರ್ಣಯಿಸುವುದು ಬೇರೆ. ಮನೆಯವರು ಸಾಕೆಂದ ದಿನ ಆಸ್ಪತ್ರೆಗೆ ಹೋದವಳು, ಅವರು ಇನ್ನೊಂದು ಬೇಕೆಂದಿದ್ದರೆ ಇನ್ನೊಂದನ್ನು ಹೆರುತ್ತಿದ್ದಳು.

ಈ ವಿಷಯದಲ್ಲಿ ರಾಜ್ಯಾಡಳಿತವು ಮನೆಗಿಂತ ಮುಂದೆ ನಡೆದಿದೆ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರಕಾರಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ಸ್ಥಾಪಿಸಲು ಆಜ್ಞಾಪಿಸಿ ಜಗತ್ತಿಗೆ ಮೇಲ್ಪಂಕ್ತಿಯಾಯಿತು. ಸ್ವತಂತ್ರ ಭಾರತವು 1952ರಲ್ಲಿ ಕುಟುಂಬಯೋಜನೆಯನ್ನು ಕೈಕೊಂಡಿತು. 1971ರ ಗರ್ಭಪಾತ ಕಾಯಿದೆಯು ಪ್ರಾಪ್ತವಯಸ್ಕ ಸ್ತ್ರೀಯ ಒಪ್ಪಿಗೆಯನ್ನಲ್ಲದೆ ಪತಿಯ ಒಪ್ಪಿಗೆಯನ್ನು ಕೇಳುವುದಿಲ್ಲ. ಸಂತಾನದ ವಿಷಯದಲ್ಲಿ ಆಯ್ದುಕೊಳ್ಳುವ ಹಕ್ಕು ಸ್ತ್ರೀಯ ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಸ್ಪಷ್ಟಪಡಿಸಿತು. ಆದರೆ ನ್ಯಾಯಾಲಯದ ತೀರ್ಪು ಹೊಸ್ತಿಲು ದಾಟಿ ಅಡಿಗೆಮನೆಗೆ ಬರಬೇಕಾದರೆ ಮನೆಯವರೇ ಬಾಗಿಲು ತೆರೆಯಬೇಕು.

ಗಂಡನನ್ನು ದೂರವಿಡಿರೆಂದು ನಾವು ಹೇಳುತ್ತಿಲ್ಲ. ದಂಪತಿಗಳು ಕೂಡಿ ಆಲೋಚಿಸುವುದೇ ಲೇಸು. ಇಬ್ಬರ ಮನಸ್ಸು ಒಂದಾಗದಿದ್ದಾಗ ಮಾತ್ರ, ಯಾರ ಜೀವವು ಪಣಕ್ಕಿದೆಯೋ ಅವರ ಮಾತೇ ಕಡೆಯದಾಗಬೇಕು. ಆಶಾ ಕಾರ್ಯಕರ್ತೆಯು ಮನೆಗೆ ಬಂದಾಗ ಗಂಡಂದಿರು ಎದ್ದು ಹೊರಗೆ ಹೋಗದೆ ಕುಳಿತು ಕೇಳಲಿ; ಅತ್ತೆಯಂದಿರು ತಾವು ಸೊಸೆಯರಾಗಿದ್ದ ದಿನಗಳನ್ನು ನೆನೆಯಲಿ. ಪರರ ಅಪ್ಪಣೆಯನ್ನು ಒಪ್ಪದ ಊರಿನವರು ಸ್ವಂತ ಮನೆಯ ಹೆಣ್ಣುಮಗಳಿಗೆ ಅಪ್ಪಣೆ ಕೊಡುವವರಾಗಿ ಉಳಿಯುವುದು ಶೋಭಿಸದು.