ಕಳೆದ ಪ್ಯಾಕೆಟ್ಟನ್ನು ಮತ್ತೆ ಕೇಳಬೇಕೆ?

ಹಾಸನದ ಎಂಸಿಎಫ್, ಅಂದರೆ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ, 1982ರಿಂದ ಇನ್ಸಾಟ್ ಉಪಗ್ರಹಗಳ ಜೊತೆ ಮಾತಾಡುತ್ತ ಬಂದಿದೆ. ಅವು ಇರುವುದು ಭೂಮಧ್ಯರೇಖೆಯ ನೆತ್ತಿಯಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ನೆಲದ ಒಂದು ಡಿಶ್ಶಿನಿಂದ ಉಪಗ್ರಹದ ಮೂಲಕ ಇನ್ನೊಂದಕ್ಕೆ ಡೇಟಾ ಕಳಿಸಿ, ‘ಇದು ಬರಲಿಲ್ಲ, ಮತ್ತೆ ಕಳಿಸು’ ಎಂಬ ಉತ್ತರ ಅದೇ ದಾರಿಯಲ್ಲಿ ಹಿಂದಿರುಗುವ ಹೊತ್ತಿಗೆ ಅರ್ಧ ಸೆಕೆಂಡು ಕಳೆದಿರುತ್ತದೆ. ಹಾಸನದಿಂದ ಚನ್ನರಾಯಪಟ್ಟಣಕ್ಕೋ ಹೊಳೆನರಸೀಪುರಕ್ಕೋ ನೇರ ಫೈಬರ್ ಇದ್ದರೆ ಇದೇ ಸವಾಲು ಜವಾಬು ಒಂದು ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ಹಾಗಾಗಿ ಹತ್ತಿರವಿದ್ದರೆ ಮತ್ತೆ ಕೇಳು, ದೂರವಿದ್ದರೆ ಮುಂಚೆಯೇ ಒಂದಿಷ್ಟು ಹೆಚ್ಚುವರಿ ಕಳಿಸಿರು ಎಂಬ ಸೂತ್ರ ಸರಿಯೆನಿಸಬಹುದು. ಆದರೆ ದೂರವೊಂದನ್ನೇ ಅಳೆದರೆ ಸಾಲದು. ಡೇಟಾ ಕಳೆದದ್ದು ಯಾಕೆ ಎಂಬುದನ್ನು ಮೊದಲು ಕೇಳಬೇಕು.

ಫೈಬರಿನೊಳಗೆ ಬಿಟ್ ಕೆಡುವುದು ಅಪರೂಪ. ಅಲ್ಲಿ ಪ್ಯಾಕೆಟ್, ಅಂದರೆ ಡೇಟಾದ ತುಂಡು, ಕಳೆಯುವುದು ಹೆಚ್ಚಾಗಿ ರೂಟರಿನಲ್ಲಿ, ಸರತಿಗೆ ಜಾಗ ಸಾಲದೆ. ಹೊಸದಾಗಿ ಬಂದದ್ದನ್ನು ರೂಟರ್ ಎಸೆದುಬಿಡುತ್ತದೆ. ಇಂಥ ಕಡೆ ಆತುರದಿಂದ ಮತ್ತೆ ಮತ್ತೆ ಕಳಿಸಿದರೂ, ಹೆಚ್ಚುವರಿ ಸೇರಿಸಿ ಕಳಿಸಿದರೂ ದಟ್ಟಣೆ ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ ಆದದ್ದು ಇದೇ. ಅಂತರ ಬರೀ 400 ಗಜ. ಆದರೂ ಡೇಟಾ ಹರಿವು ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಕಳೆದದ್ದು ಕಂಡೊಡನೆ ಕಳಿಸುವ ವೇಗ ತಗ್ಗಿಸಬೇಕು ಎಂಬ ನಿಯಮವನ್ನು ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಟಿಸಿಪಿಗೆ, ಅಂದರೆ ಇಂಟರ್ನೆಟ್ಟಿನ ಡೇಟಾ ರವಾನೆಯ ನಿಯಮಾವಳಿಗೆ, ಅಳವಡಿಸಿದ್ದು ಇದರ ಬಳಿಕ.

ಈಗ ಅರಕಲಗೂಡಿನಲ್ಲಿ ಜಡಿಮಳೆ ಸುರಿಯುವಾಗ ಡಿಟಿಎಚ್ ಡಿಶ್ಶಿಗೆ ಏನಾಗುತ್ತದೆ ನೋಡಿ. ಎರಡೂವರೆ ಸೆಂಟಿಮೀಟರಿನಷ್ಟು ತರಂಗಾಂತರದ ಸಿಗ್ನಲ್ಲನ್ನು ಮಳೆಹನಿಗಳು ಹೀರುತ್ತವೆ, ಚದುರಿಸುತ್ತವೆ. ಇಲ್ಲಿ ದಟ್ಟಣೆಯೇ ಇಲ್ಲ, ವೇಗ ತಗ್ಗಿಸಿ ಫಲವಿಲ್ಲ. ಮೇಲಾಗಿ, ‘ಮತ್ತೆ ಕಳಿಸು’ ಎನ್ನಲು ಆ ಡಿಶ್ಶಿಗೆ ಬಾಯಿಯೇ ಇಲ್ಲ. ಹೆಚ್ಚುವರಿಯೊಂದೇ ದಾರಿ. ಅದರ ಕೆಲಸ ಸರಳ. 1011, 0110, 1100 ಎಂಬ ಮೂರು ತುಂಡುಗಳನ್ನು ಒಂದರ ಕೆಳಗೊಂದು ಬರೆಯಿರಿ. ಪ್ರತಿ ಕಂಬಸಾಲಿನಲ್ಲಿ 1ರ ಸಂಖ್ಯೆ ಸಮವಾದರೆ 0, ಬೆಸವಾದರೆ 1 ಎಂದು ಬರೆದರೆ ನಾಲ್ಕನೆಯ ತುಂಡು 0001 ಸಿಗುತ್ತದೆ. ದಾರಿಯಲ್ಲಿ ಎರಡನೆಯದು ಕಳೆದರೂ ಚಿಂತೆಯಿಲ್ಲ. ಉಳಿದ ಮೂರರ ಮೇಲೆ ಅದೇ ಲೆಕ್ಕ ಮಾಡಿದರೆ 0110 ಮರಳಿ ಬರುತ್ತದೆ. ಎರಡು ಒಟ್ಟಿಗೆ ಕಳೆದರೆ ಈ ಲೆಕ್ಕ ಕೈಕೊಡುತ್ತದೆ, ನಿಜ. ಅದಕ್ಕೇ ಹೆಚ್ಚು ಬಲವಾದ ಸಂಕೇತಗಳು ಬೇಕಾದವು.

ಮಳೆಯಿಲ್ಲದ ದಿನ ಈ ಹೊರೆ ದಂಡವಲ್ಲವೆ ಎಂಬ ಆಕ್ಷೇಪಕ್ಕೆ ತೂಕವಿದೆ. ಉಪಗ್ರಹದ ಪ್ರತಿ ಬಿಟ್‌ಗೂ ಬೆಲೆಯಿದೆ. ಡಿವಿಬಿ-ಎಸ್2 ಎಂಬ ಮಾನದಂಡ ಇದನ್ನು ಮನಗಂಡಿದೆ: ಎರಡೂ ಕಡೆಯಿಂದ ಮಾತಾಡಬಲ್ಲ ಸಂಪರ್ಕದಲ್ಲಿ ಆಕಾಶ ತಿಳಿಯಾಗಿದ್ದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಹೆಚ್ಚುವರಿ, ಮಳೆ ಜೋರಾದರೆ ನಾಲ್ಕರಲ್ಲಿ ಮೂರು ಪಾಲಿನವರೆಗೂ ಹೆಚ್ಚುವರಿ. ಕಾರಣ ನೋಡಿ ಮದ್ದಿನ ಪ್ರಮಾಣ ಬದಲಿಸುವ ಈ ಜಾಣತನವೇ ನನಗೆ ಇಡೀ ಏರ್ಪಾಡಿನಲ್ಲಿ ಹೆಚ್ಚು ಮೆಚ್ಚಿಗೆ.

ಆದರೆ ಉಪಗ್ರಹಕ್ಕೆ ಕಳಿಸುವ ಆದೇಶಗಳ ವಿಷಯವೇ ಬೇರೆ. ಫ್ರಾನ್ಸಿನ ಹೊಕೆಂಗೆಮ್ 1959ರಲ್ಲಿ, ರಾಜ್ ಚಂದ್ರ ಬೋಸ್ ಮತ್ತು ಡಿ.ಕೆ. ರಾಯ್ ಚೌಧುರಿ 1960ರಲ್ಲಿ ಪ್ರಕಟಿಸಿದ ಬಿಸಿಎಚ್ ಸಂಕೇತವನ್ನು ಬಾಹ್ಯಾಕಾಶ ಸಂಸ್ಥೆಗಳ ಅಂತರರಾಷ್ಟ್ರೀಯ ಮಾನದಂಡ ಇಲ್ಲಿ ಬಳಸುತ್ತದೆ: 56 ಬಿಟ್ ಆದೇಶಕ್ಕೆ 7 ಬಿಟ್ ಕಾವಲು. ಒಂದು ಬಿಟ್ ಕೆಟ್ಟಿದ್ದರೆ ತಿದ್ದಬಹುದು. ತಿದ್ದಲಾಗದಷ್ಟು ಕೆಟ್ಟದ್ದು ಕಂಡರೆ ಊಹಿಸಲು ಹೋಗದೆ ಆ ತುಂಡನ್ನೇ ಕೈಬಿಡುತ್ತಾರೆ. ತಪ್ಪಾಗಿ ತಿದ್ದಿದ ಆದೇಶದಿಂದ ಎಂಜಿನ್ ಉರಿದು ಇಂಧನ ಖರ್ಚಾದರೆ ಅದನ್ನು ಮತ್ತೆ ತುಂಬಲು ಯಾರೂ ಹೋಗಲಾರರು. ಅದರ ಮುಂದೆ ಆದೇಶವನ್ನು ಇನ್ನೊಮ್ಮೆ ಕಳಿಸಲು ಹಿಡಿಯುವ ಹೊತ್ತು ತೀರಾ ಅಗ್ಗ.