ಪ್ರಾಣಾಯಾಮ ಮತ್ತು ಕ್ರೈಸ್ತ ಪ್ರಾರ್ಥನೆ: ಒಂದು ವಿವೇಚನೆ

ಪತಂಜಲಿಯ ಅಷ್ಟಾಂಗಯೋಗದಲ್ಲಿ ಪ್ರಾಣಾಯಾಮವು ನಾಲ್ಕನೆಯ ಅಂಗ. ಯಮ, ನಿಯಮ, ಆಸನಗಳು ಅದಕ್ಕೂ ಮೊದಲಿನವು. ಅಹಿಂಸೆ, ಸತ್ಯಗಳ ಆಚರಣೆಯಿಲ್ಲದ ಉಸಿರಿನ ನಿಯಂತ್ರಣವು ಯೋಗದರ್ಶನದ ದೃಷ್ಟಿಯಲ್ಲಿಯೂ ಅಪೂರ್ಣ. ಈ ದರ್ಶನದ ಗುರಿ ಕೈವಲ್ಯ. ಅಂದರೆ ಪುರುಷನು ಪ್ರಕೃತಿಯಿಂದ ಬೇರ್ಪಟ್ಟು ಸ್ವಸ್ವರೂಪದಲ್ಲಿ ನೆಲೆನಿಲ್ಲುವುದು. ಕ್ರೈಸ್ತ ಪ್ರಾರ್ಥನೆಯ ಗುರಿಯಾದರೋ ತ್ರಿಯೇಕ ದೇವರೊಡನೆ ಪ್ರೀತಿಯ ಅನ್ಯೋನ್ಯತೆ.

ಹಾಗೆಂದು ಉಸಿರು ನಮ್ಮ ಪರಂಪರೆಗೆ ಅನ್ಯವಲ್ಲ. ಹೀಬ್ರೂ ಭಾಷೆಯ 'ರೂಅಹ್' ಎಂಬ ಪದಕ್ಕೆ ಗಾಳಿ, ಉಸಿರು, ಆತ್ಮ ಎಂಬ ಮೂರೂ ಅರ್ಥಗಳುಂಟು. ಆಥೋಸ್ ಪರ್ವತದ ಸನ್ಯಾಸಿಗಳು ಯೇಸುನಾಮ ಜಪವನ್ನು ಉಸಿರಿನೊಂದಿಗೆ ಬೆಸೆದರು. ಲೊಯೋಲದ ಸಂತ ಇಗ್ನೇಷಿಯಸರು ತಮ್ಮ ಮೂರನೆಯ ಪ್ರಾರ್ಥನಾ ವಿಧಾನದಲ್ಲಿ ಉಸಿರಿಗೊಂದು ಪದದಂತೆ ಪ್ರಾರ್ಥಿಸಲು ಕಲಿಸಿದರು.

1989ರಲ್ಲಿ ವಿಶ್ವಾಸ ಸಿದ್ಧಾಂತ ಪೀಠವು ಕ್ರೈಸ್ತ ಧ್ಯಾನವನ್ನು ಕುರಿತು ಹೊರಡಿಸಿದ ಪತ್ರವು ಇಂತಹ ವಿಧಾನಗಳನ್ನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ಆದರೆ ದೈಹಿಕ ಸಾಧನೆಯಿಂದ ದೊರೆಯುವ ನೆಮ್ಮದಿಯನ್ನೇ ಪವಿತ್ರಾತ್ಮರ ಸಾಂತ್ವನವೆಂದು ಭಾವಿಸಬಾರದೆಂದು ಎಚ್ಚರಿಸುತ್ತದೆ. ಆಧ್ಯಾತ್ಮಿಕ ಮಾರ್ಗದರ್ಶಕರ ಹೊಣೆ ಇರುವುದು ಇಲ್ಲಿಯೇ. ಧ್ಯಾನದಲ್ಲಿ ಶಾಂತಿ ದೊರೆಯಿತೆನ್ನುವವರನ್ನು ಅದೆಷ್ಟು ಆಳವಾಗಿತ್ತೆಂದು ಕೇಳಿದರೆ ಸಾಲದು. ನೆರೆಯವರನ್ನು ಕ್ಷಮಿಸಲು, ಸೇವೆಗೆ ಮುಂದಾಗಲು ಅದು ಪ್ರೇರೇಪಿಸಿತೇ ಎಂದೂ ಕೇಳಬೇಕು. ಅಂತೆಯೇ, ಯಾವ ನೆಮ್ಮದಿಯೂ ದೊರೆಯದೆ ಶುಷ್ಕತೆಯಲ್ಲಿಯೇ ಪ್ರಾರ್ಥನೆಯನ್ನು ಮುಂದುವರಿಸುವವರಿಗೆ ಅವರು ದೇವರಿಂದ ದೂರವಾಗಿಲ್ಲವೆಂಬ ಭರವಸೆಯನ್ನು ನೀಡಬೇಕು.